ಪ್ರಯೋಗಶಾಲೆಯ ಕಿಟಕಿಯಿಂದ: ಬೂಷ್ಟು ತಿಂದ ಫೋಟೋ

ಕಳೆದ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಒಂದು ತೀರ್ಮಾನವಾಯಿತು. ಈ ಸಲದ ರಾಜ್ಯೋತ್ಸವಕ್ಕೆ ಸದಸ್ಯರ ಮನೆಗಳಲ್ಲಿರುವ ಹಳೆಯ ಫೋಟೋಗಳ ಪ್ರದರ್ಶನ ಏರ್ಪಡಿಸಬೇಕು ಎಂದು. ಒಳ್ಳೆಯ ಯೋಚನೆ. ಚಕ್ಕುಲಿಯ ತಟ್ಟೆ ಒಂದು ಸುತ್ತು ಬರುವಷ್ಟರಲ್ಲಿ ಇನ್ನೊಂದು ಸೂಚನೆಯೂ ಬಂತು. "ಹಳೆಯ ಫೋಟೋಗಳು ಹರಿದಿರುತ್ತವೆ, ಮಾಸಿರುತ್ತವೆ. ಈಗ ಕಂಪ್ಯೂಟರಿನಲ್ಲಿ ಒಂದೇ ನಿಮಿಷದಲ್ಲಿ ಎಲ್ಲವನ್ನೂ ಸರಿಮಾಡಬಹುದು. ಹಾಗೆ ಸರಿಮಾಡಿಯೇ ಗೋಡೆಗೆ ಹಾಕೋಣ." ಸಭೆಯೆಲ್ಲ ತಲೆಯಾಡಿಸಿತು. ನಾವೊಬ್ಬರು ಮಾತ್ರ "ಸ್ವಲ್ಪ ತಡೆಯಿರಿ" ಎಂದೆವು. ಏಕೆ ಎಂದು ಕೇಳಿದವರಿಗೆ ಅಲ್ಲಿ ಸರಿಯಾಗಿ ಹೇಳಲಾಗಲಿಲ್ಲ. "ನಿಮ್ಮ ಅಂಕಣದಲ್ಲಿ ಬರೆಯಿರಿ, ಮುಂದಿನ ಸಭೆಯಲ್ಲಿ ನೋಡೋಣ" ಎಂದರು ಅಧ್ಯಕ್ಷರು. ಅದೇ ಈ ಸಂಚಿಕೆಯ ವಿಷಯ.

ನಮ್ಮ ಅಜ್ಜಿಯ ಮನೆ ತೀರ್ಥಹಳ್ಳಿಯ ಹತ್ತಿರ. ಅಲ್ಲಿಯ ಮಳೆಗಾಲದಲ್ಲಿ ಚರ್ಮದ ಚಪ್ಪಲಿಗೂ ಬೂಷ್ಟು, ಪೆಟ್ಟಿಗೆಯೊಳಗಿನ ಪುಸ್ತಕಕ್ಕೂ ಬೂಷ್ಟು, ಗೋಡೆಯ ಮೇಲಿನ ಫೋಟೋಗೂ ಬೂಷ್ಟು. 1956ರಲ್ಲಿ ಶಿವಮೊಗ್ಗದ ಸ್ಟುಡಿಯೋ ಒಂದರಲ್ಲಿ ತೆಗೆಸಿದ ಅಜ್ಜ-ಅಜ್ಜಿಯರ ಮದುವೆಯ ಫೋಟೋದಲ್ಲಿ ಅಜ್ಜನ ಹಣೆಯ ಎಡಭಾಗ, ಹುಬ್ಬು, ಕೆನ್ನೆಯ ಮೇಲ್ಭಾಗ ಎಲ್ಲ ಬಿಳಿಯ ಕಲೆಯಾಗಿ ಹೋಗಿತ್ತು. ಕಳೆದ ವರ್ಷ ನಮ್ಮ ಅಣ್ಣನ ಮಗ ಅದನ್ನು ಮೊಬೈಲಿನಲ್ಲಿ ಹಿಡಿದು, ಯಾವುದೋ ತಂತ್ರಾಂಶಕ್ಕೆ ಕೊಟ್ಟು, ಬಂದ ಚಿತ್ರಕ್ಕೆ ಕಟ್ಟು ಹಾಕಿಸಿ ಅಜ್ಜಿಗೆ ತಂದುಕೊಟ್ಟ. ನಮಗೂ ವಾಟ್ಸಾಪಿನಲ್ಲಿ ಕಳಿಸಿದ. ನೋಡಿ ನಾವು ಬೆರಗಾದೆವು. ಕಲೆ ಎಲ್ಲಿತ್ತೆಂದು ಹುಡುಕಿದರೂ ಸಿಗದು. ನೆರಳು ಬೆಳಕು ಎಲ್ಲ ಕೂಡಿಕೊಂಡು, ನೆನ್ನೆ ತೆಗೆದ ಹಾಗಿತ್ತು.

ಆ ಭಾನುವಾರ ಅಜ್ಜಿಗೆ ಫೋನು ಮಾಡಿ ಕೇಳಿದೆವು. ಅಜ್ಜಿ ಹೇಳಿದ್ದು ಇಷ್ಟೆ: "ಫೋಟೋ ಚೆನ್ನಾಗಿದೆ. ಆದರೆ ಇವರು ಯಾರೇ?"

ಅಜ್ಜನಿಗೆ ಚಿಕ್ಕಂದಿನಲ್ಲಿ ತೋಟದ ಹಳ್ಳ ದಾಟುವಾಗ ಅಡಿಕೆಮರದ ಸಂಕದಿಂದ ಜಾರಿಬಿದ್ದು ಎಡಹುಬ್ಬು ಸೀಳಿತ್ತಂತೆ. ಆ ಕಲೆ ಸಾಯುವ ತನಕ ಇತ್ತಂತೆ. ಮದುವೆಯ ಫೋಟೋದಲ್ಲೂ ಕಾಣುತ್ತಿತ್ತು. ಸ್ಟುಡಿಯೋದವನು "ಬೇಕಾದರೆ ತಿದ್ದಿ ಅಳಿಸಿಕೊಡುತ್ತೇನೆ" ಎಂದಾಗ ಅಜ್ಜ ಬೇಡವೆಂದಿದ್ದರಂತೆ. ಅಜ್ಜ ತೀರಿಕೊಂಡದ್ದು ನಾವು ಹುಟ್ಟುವ ಮೊದಲು. ಆದ್ದರಿಂದ ಈ ಸಂಗತಿ ನಮಗಾಗಲಿ, ಅಣ್ಣನ ಮಗನಿಗಾಗಲಿ ಗೊತ್ತಿರಲಿಲ್ಲ. ಕಂಪ್ಯೂಟರಿಗಂತೂ ಗೊತ್ತಿರುವಂತಿಲ್ಲ. ಅದು ಅಲ್ಲಿ ಒಂದು ಅಂದವಾದ ಇಡೀ ಹುಬ್ಬನ್ನು ಬರೆದಿತ್ತು.

ಕಂಪ್ಯೂಟರು ಅದನ್ನು ಎಲ್ಲಿಂದ ತಂದಿತು? ಇದನ್ನು ತಿಳಿಯಲು ಇನ್‌ಲ್ಯಾಂಡ್ ಲೆಟರನ್ನು ನೆನೆಸಿಕೊಳ್ಳಿ. ಎಷ್ಟು ಜೋಪಾನವಾಗಿ ಬಿಡಿಸಿದರೂ ಗೋಂದು ಹಚ್ಚಿದ ಅಂಚಿನಲ್ಲಿ ಎರಡು ಮೂರು ಪದ ಹರಿದೇ ಹೋಗುತ್ತಿತ್ತು. ಆದರೂ ನಮ್ಮ ತಾಯಿ ತಡವರಿಸದೆ ಓದುತ್ತಿದ್ದರು. "ನಾವೆಲ್ಲರೂ ಇಲ್ಲಿ ಕ್ಷೇ..." ಎಂದಿದ್ದರೆ ಮುಂದಿನದು ಯಾರಿಗೆ ತಿಳಿಯದು? ಕನ್ನಡದಲ್ಲಿ ಯಾವ ಅಕ್ಷರದ ಮುಂದೆ ಯಾವುದು ಬರುತ್ತದೆ, ಕಾಗದಗಳಲ್ಲಿ ಯಾವ ಮಾತಿನ ಮುಂದೆ ಯಾವ ಮಾತು ಬರುತ್ತದೆ ಎಂಬ ಲೆಕ್ಕ ನಮ್ಮ ತಲೆಯಲ್ಲಿ ಆಗಲೇ ಇರುತ್ತದೆ. ಆದರೆ "ಆಪರೇಷನ್ನಿಗೆ ... ಸಾವಿರ ರೂಪಾಯಿ ಬೇಕಂತೆ" ಎಂಬಲ್ಲಿ ಹರಿದಿದ್ದರೆ? ಅಲ್ಲಿ ಭಾಷಾಜ್ಞಾನ ಕೆಲಸಕ್ಕೆ ಬಾರದು. ಇಪ್ಪತ್ತು ಎಂದರೂ ವಾಕ್ಯ ಸರಿ, ಎಂಬತ್ತು ಎಂದರೂ ಸರಿ. ಹರಿದ ಚೂರನ್ನೇ ಹುಡುಕಬೇಕು, ಇಲ್ಲವೆ ಬರೆದವರನ್ನೇ ಕೇಳಬೇಕು.

ಚಿತ್ರಗಳಿಗೂ ಇಂಥ ಒಂದು ವ್ಯಾಕರಣವಿದೆ. ಅಡ್ಡ 512, ಉದ್ದ 512 ಚುಕ್ಕೆಗಳ ಒಂದು ಕಪ್ಪುಬಿಳುಪು ಚಿತ್ರ ತೆಗೆದುಕೊಳ್ಳೋಣ. ಒಟ್ಟು 2,62,144 ಚುಕ್ಕೆ. ಒಂದೊಂದು ಚುಕ್ಕೆಗೂ ಕಪ್ಪಿನಿಂದ ಬಿಳಿಯವರೆಗೆ 256 ಛಾಯೆಗಳಲ್ಲಿ ಒಂದು. ಹೀಗೆ ಸಾಧ್ಯವಿರುವ ಚಿತ್ರಗಳ ಸಂಖ್ಯೆಯನ್ನು ಬರೆದರೆ ಆರು ಲಕ್ಷಕ್ಕೂ ಹೆಚ್ಚು ಅಂಕಿಗಳಾಗುತ್ತವೆ! ಆದರೆ ಪ್ರತಿ ಚುಕ್ಕೆಗೂ ಚೀಟಿ ಎತ್ತಿ ಛಾಯೆ ತುಂಬಿದರೆ ಸಿಗುವುದೇನು? ನಾವು ಚಿಕ್ಕವರಾಗಿದ್ದಾಗ ಹೆಂಚಿನ ಮೇಲಿನ ಆಂಟೆನಾ ಗಾಳಿಗೆ ತಿರುಗಿದರೆ ಟೀವಿಯಲ್ಲಿ ಬರುತ್ತಿತ್ತಲ್ಲ, ಆ ಚುಕ್ಕೆಗಳ ಮಳೆ. ಜನ್ಮವಿಡೀ ಚೀಟಿ ಎತ್ತಿದರೂ ಒಂದು ಹಸುವಾಗಲಿ, ಒಂದು ಮುಖವಾಗಲಿ ಮೂಡುವುದಿಲ್ಲ. ನಾವು ಕಣ್ಣಿನಿಂದ ಕಾಣುವ ಜಗತ್ತಿನ ಚಿತ್ರಗಳೆಲ್ಲ ಆ ಮಹಾಸಮುದ್ರದ ಒಂದು ಸಣ್ಣ ಮೂಲೆಯಲ್ಲಿವೆ.

ಆ ಮೂಲೆಯ ಲಕ್ಷಣಗಳೇನು? ಒಂದು, ಪಕ್ಕಪಕ್ಕದ ಚುಕ್ಕೆಗಳು ಹೆಚ್ಚಾಗಿ ಒಂದೇ ತರಹ ಇರುತ್ತವೆ. ಆಕಾಶದ ಪಕ್ಕ ಆಕಾಶ, ಗೋಡೆಯ ಪಕ್ಕ ಗೋಡೆ. ಥಟ್ಟನೆ ಬದಲಾವಣೆಯಾಗುವುದು ಅಂಚುಗಳಲ್ಲಿ ಮಾತ್ರ, ಅಂಚುಗಳು ಕಡಮೆ. ಎರಡು, ಚಿತ್ರವನ್ನು ದೊಡ್ಡ ಅಲೆ, ಸಣ್ಣ ಅಲೆ ಎಂದು ಬಿಡಿಸಿ ನೋಡಿದರೆ ದೊಡ್ಡ ಅಲೆಗಳಲ್ಲೇ ಹೆಚ್ಚು ಬಲ. ಅಲೆ ಎರಡರಷ್ಟು ಸೂಕ್ಷ್ಮವಾದರೆ ಅದರ ಶಕ್ತಿ ಸುಮಾರಾಗಿ ನಾಲ್ಕರಲ್ಲೊಂದು ಪಾಲಿಗೆ ಇಳಿಯುತ್ತದೆ. ಮರ, ಬಂಡೆ, ನೀರು ಇಂಥ ನೈಸರ್ಗಿಕ ದೃಶ್ಯಗಳಲ್ಲಿ ಹೀಗಿರುವುದನ್ನು ಡೇವಿಡ್ ಫೀಲ್ಡ್ ಎಂಬ ವಿಜ್ಞಾನಿ 1987ರಲ್ಲಿ ಅಳೆದು ತೋರಿಸಿದರು. ಮೂರು, ಸರಿಯಾದ ರೀತಿಯಲ್ಲಿ ಬಿಡಿಸಿದರೆ ಚಿತ್ರದ ಲಕ್ಷಾಂತರ ಅಂಕಿಗಳಲ್ಲಿ ಹೆಚ್ಚಿನವು ಸೊನ್ನೆಯ ಹತ್ತಿರ ಬರುತ್ತವೆ. ಚಿತ್ರವನ್ನು ಹೊರುವುದು ಉಳಿದ ಕೆಲವೇ ಅಂಕಿಗಳು.

ಈ ಮೂರನೆಯ ಮಾತಿನಲ್ಲಿ ನಮ್ಮವರೊಬ್ಬರ ಕೈವಾಡವಿದೆ. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿಯ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ಅಮೆರಿಕಕ್ಕೆ ಬಂದ ನಾಸಿರ್ ಅಹ್ಮದ್ ಅವರು ಕ್ಯಾನ್ಸಾಸ್ ಸ್ಟೇಟ್ ಯೂನಿವರ್ಸಿಟಿಯಲ್ಲಿದ್ದಾಗ ಚಿತ್ರವನ್ನು ಅಲೆಗಳಾಗಿ ಬಿಡಿಸುವ ಒಂದು ಸುಲಭವಾದ ಗಣಿತಕ್ರಮವನ್ನು ಯೋಚಿಸಿದರು. 1972ರಲ್ಲಿ ಅದಕ್ಕೆ ಧನಸಹಾಯ ಕೇಳಿದಾಗ ದೊರೆಯಲಿಲ್ಲ. ತೀರ ಸರಳವಾಯಿತು ಎಂಬ ಆಕ್ಷೇಪವೂ ಬಂದಿತ್ತು. ಆದರೂ ಬಿಡದೆ ಟಿ. ನಟರಾಜನ್, ಕೆ. ಆರ್. ರಾವ್ ಅವರೊಡನೆ 1974ರಲ್ಲಿ ಪ್ರಕಟಿಸಿದರು. ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಎಂದು ಅದರ ಹೆಸರು. 1992ರ ಜೆಪೆಗ್ ಕ್ರಮ ನಿಂತಿರುವುದು ಅದರ ಮೇಲೆ. ಚಿತ್ರವನ್ನು 64 ಚುಕ್ಕೆಗಳ ಚೌಕಗಳಾಗಿ ಮಾಡಿ, ಪ್ರತಿ ಚೌಕವನ್ನೂ ಅಲೆಗಳಾಗಿ ಬಿಡಿಸಿ, ಸೊನ್ನೆಯ ಹತ್ತಿರದ ಅಂಕಿಗಳನ್ನು ಬಿಟ್ಟುಬಿಡುವುದು. ಹತ್ತರಲ್ಲೊಂದು ಪಾಲಿಗೆ ಇಳಿಸಿದರೂ ಕಣ್ಣಿಗೆ ವ್ಯತ್ಯಾಸ ತಿಳಿಯುವುದು ಕಷ್ಟ. ಊರಿನಿಂದ ಬರುವ ಮೊಮ್ಮಕ್ಕಳ ನಾಮಕರಣದ ಫೋಟೋಗಳು ಹೀಗೆ ಹಗುರವಾಗಿಯೇ ಸಮುದ್ರ ದಾಟುತ್ತವೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಎಲ್ಲವನ್ನೂ ಅಳೆದು, ಆಮೇಲೆ ಹೆಚ್ಚಿನದನ್ನು ಎಸೆಯುವುದಾದರೆ, ಮೊದಲೇ ಕಡಮೆ ಅಳೆದರೆ ಆಗದೆ?

ಈ ಪ್ರಶ್ನೆ ನಮಗೆ ಬರೀ ಪಾಠದ ಪ್ರಶ್ನೆಯಾಗಿ ಉಳಿಯಲಿಲ್ಲ. ಹೋದ ಚಳಿಗಾಲ ನಮ್ಮ ಐದು ವರ್ಷದ ಮಗನಿಗೆ ವಾರಗಟ್ಟಲೆ ತಲೆನೋವು. ಡಾಕ್ಟರು ಎಂ.ಆರ್.ಐ. ಮಾಡಿಸಲು ಹೇಳಿದರು. ಆ ಯಂತ್ರದ ಕೊಳವೆಯೊಳಗೆ ಅಲ್ಲಾಡದೆ ಮಲಗಬೇಕು. ದೊಡ್ಡವರಿಗೇ ಬೇಸರ, ಐದು ವರ್ಷದವನ ಪಾಡೇನು? ಎಷ್ಟೋ ವೇಳೆ ಚಿಕ್ಕ ಮಕ್ಕಳಿಗೆ ಅರಿವಳಿಕೆ ಕೊಟ್ಟೇ ಮಲಗಿಸಬೇಕಾಗುತ್ತದೆ. ನಮ್ಮ ಮನೆಯವರು ಹಿಂದಿನ ರಾತ್ರಿ ಊಟದ ಮೇಜಿನ ಕೆಳಗೆ ಮಗನನ್ನು ಮಲಗಿಸಿ "ಆಡಿದವನು ಔಟ್" ಎಂದು ಅಭ್ಯಾಸ ಮಾಡಿಸಿದರು. ಮಾರನೆಯ ದಿನ ಯಂತ್ರ ನಡೆಸುವಾಕೆ "ಭಯಪಡಬೇಡಿ, ಈಗ ಕಂಪ್ರೆಸ್ಡ್ ಸೆನ್ಸಿಂಗ್ ಇದೆ, ಬೇಗ ಮುಗಿಯುತ್ತದೆ. ಅರಿವಳಿಕೆ ಇಲ್ಲದೆ ಪ್ರಯತ್ನಿಸೋಣ" ಎಂದಳು. ಕೊಳವೆಯಿಂದ ಹೊರಗೆ ಕಾಣುವ ಎರಡು ಪುಟ್ಟ ಪಾದಗಳನ್ನು ನೋಡುತ್ತ ಕೂತಾಗ ನಮ್ಮಲ್ಲಿ ಎರಡು ಭಾವನೆ. ತಾಯಿಯಾಗಿ ಸಮಾಧಾನ. ರಸಾಯನಶಾಸ್ತ್ರದವರಾಗಿ ಒಂದು ಅಳುಕು: ಬೇಗ ಮುಗಿಯುವುದೆಂದರೆ ಅಳತೆಗಳನ್ನು ಬಿಟ್ಟಿದ್ದಾರೆ ಎಂದೇ ಅರ್ಥ. ಬಿಟ್ಟ ಅಳತೆಯಲ್ಲಿ ಏನಿತ್ತೋ?

ಬಿಟ್ಟರೂ ಚಿತ್ರ ಬರುವುದು ಹೇಗೆಂಬುದಕ್ಕೆ ಮಕ್ಕಳ ಒಂದು ಲೆಕ್ಕ. 27 ನಾಣ್ಯಗಳಿವೆ, ಒಂದು ಮಾತ್ರ ಖೋಟಾ, ತೂಕ ಕಡಮೆ. ತಕ್ಕಡಿಯಲ್ಲಿ ಎಷ್ಟು ಸಲ ತೂಗಿದರೆ ಸಿಕ್ಕುತ್ತದೆ? ಮೂರೇ ಸಲ ಸಾಕು. ಒಂಬತ್ತಕ್ಕೆ ಒಂಬತ್ತು ತೂಗಿದರೆ ಖೋಟಾ ಯಾವ ಒಂಬತ್ತರಲ್ಲಿದೆ ಎಂದು ತಿಳಿಯುತ್ತದೆ. ಆಮೇಲೆ ಮೂರಕ್ಕೆ ಮೂರು, ಆಮೇಲೆ ಒಂದಕ್ಕೆ ಒಂದು. ಇದು ಸಾಧ್ಯವಾದದ್ದು ಎರಡು ಕಾರಣಕ್ಕೆ. ಒಂದೊಂದು ತೂಕವೂ ಹಲವು ನಾಣ್ಯಗಳ ಸುದ್ದಿಯನ್ನು ಒಟ್ಟಿಗೆ ಹೇಳುತ್ತದೆ. ಜೊತೆಗೆ ಖೋಟಾ ಒಂದೇ ಎಂಬುದು ನಮಗೆ ಮೊದಲೇ ಗೊತ್ತು. ಆ ಎರಡನೆಯ ನಂಬಿಕೆ ತಪ್ಪಾಗಿ, ಖೋಟಾ ಎರಡಿದ್ದರೆ ಲೆಕ್ಕ ಕೆಟ್ಟಿತು.

ಎಂ.ಆರ್.ಐ. ಯಂತ್ರ ಅಳೆಯುವುದು ಚಿತ್ರದ ಚುಕ್ಕೆಗಳನ್ನಲ್ಲ, ಅಲೆಗಳನ್ನು. ಒಂದೊಂದು ಅಳತೆಯಲ್ಲೂ ಇಡೀ ತಲೆಯ ಪಾಲಿದೆ, ತಕ್ಕಡಿಯ ತೂಕದ ಹಾಗೆ. ಆದ್ದರಿಂದ ಅರ್ಧ ಅಳತೆ ಬಿಟ್ಟರೆ ಅರ್ಧ ತಲೆ ಬಿಟ್ಟ ಹಾಗಲ್ಲ. ಬಿಡುವಾಗ ಒಂದು ಜಾಣತನ ಬೇಕು. ಒಂದು ಬಿಟ್ಟು ಒಂದು ಎಂದು ಸಾಲಾಗಿ ಬಿಟ್ಟರೆ ತಲೆಯ ಮೇಲೆ ಇನ್ನೊಂದು ತಲೆಯ ನೆರಳು ಬಿದ್ದು, ನಿಜ ಯಾವುದು ನೆರಳು ಯಾವುದು ತಿಳಿಯದು. ಕ್ರಮವಿಲ್ಲದೆ ಅಲ್ಲಲ್ಲಿ ಬಿಟ್ಟರೆ ತಪ್ಪೆಲ್ಲ ಚಿತ್ರದ ತುಂಬ ಚಿರೋಟಿ ರವೆ ಚೆಲ್ಲಿದಂತೆ ಹರಡುತ್ತದೆ, ದೊಡ್ಡ ಗೆರೆಗಳು ಅದರ ನಡುವೆಯೂ ಎದ್ದು ಕಾಣುತ್ತವೆ. ಅವನ್ನು ಮೊದಲು ಗುರುತಿಸಿ, ಅವುಗಳಿಂದಾದ ರವೆಯನ್ನು ಲೆಕ್ಕಹಾಕಿ ಕಳೆದರೆ ಚಿಕ್ಕ ಗೆರೆಗಳು ಕಾಣುತ್ತವೆ. ಹೀಗೆ ಮಾಡುತ್ತ, ಅಳೆದ ಅಂಕಿಗಳಿಗೆಲ್ಲ ಒಪ್ಪುವ ಚಿತ್ರಗಳಲ್ಲಿ ಅತ್ಯಂತ ಸರಳವಾದದ್ದನ್ನು ಕಂಪ್ಯೂಟರು ಹುಡುಕುತ್ತದೆ.

2004ರ ಸುಮಾರಿಗೆ ಎಮಾನ್ಯುಯೆಲ್ ಕಾಂಡೆಸ್ ಎಂಬ ಗಣಿತಜ್ಞರು ಅಂಡಾಕೃತಿಗಳಿಂದ ಬರೆದ ತಲೆಯ ನಕಲಿ ಚಿತ್ರವೊಂದನ್ನು ಇಟ್ಟುಕೊಂಡು ಇದನ್ನು ಪ್ರಯತ್ನಿಸಿದರು. ನೂರರಲ್ಲಿ ಐದಕ್ಕಿಂತ ಕಡಮೆ ಅಳತೆ, ಕೇವಲ 22 ಗೆರೆಗಳು. ಚಿತ್ರ ಒಂದಿಷ್ಟೂ ತಪ್ಪಿಲ್ಲದೆ ಮರಳಿ ಬಂತು. ಅವರಿಗೇ ನಂಬಿಕೆಯಾಗಲಿಲ್ಲ. ಗಣಿತಜ್ಞ ಟೆರೆನ್ಸ್ ಟಾವ್ ಅವರಿಗೆ ಈ ಒಗಟನ್ನು ಹೇಳಿದರು; ಇಬ್ಬರ ಮಕ್ಕಳೂ ಒಂದೇ ಶಿಶುವಿಹಾರಕ್ಕೆ ಹೋಗುತ್ತಿದ್ದರಂತೆ. ಜಸ್ಟಿನ್ ರಾಂಬರ್ಗ್ ಅವರೊಡನೆ ಅವರಿಬ್ಬರು, ಬೇರೆಯಾಗಿ ಡೇವಿಡ್ ಡಾನಹೋ, ಇದು ಏಕೆ ಸಾಧ್ಯ, ಯಾವಾಗ ಸಾಧ್ಯ ಎಂಬ ಸಾಧನೆಗಳನ್ನು 2006ರಲ್ಲಿ ಪ್ರಕಟಿಸಿದರು. 2007ರಲ್ಲಿ ಸ್ಟ್ಯಾನ್‌ಫರ್ಡಿನ ಮೈಕೆಲ್ ಲಸ್ಟಿಗ್, ಡಾನಹೋ, ಜಾನ್ ಪಾಲಿ ಇದನ್ನು ನಿಜವಾದ ಎಂ.ಆರ್.ಐ.ಗೆ ಹೊಂದಿಸಿದರು. 2017ರಲ್ಲಿ ಇಲ್ಲಿಯ ಎಫ್.ಡಿ.ಎ. ಒಪ್ಪಿಗೆ ದೊರೆಯಿತು. ನಿಜವಾದ ತಲೆ ಆ ನಕಲಿ ಚಿತ್ರದಷ್ಟು ಸರಳವಲ್ಲವಾದ್ದರಿಂದ ಆಸ್ಪತ್ರೆಯಲ್ಲಿ ಅಷ್ಟೊಂದು ಕಡಮೆ ಅಳೆಯುವುದಿಲ್ಲ.

ನಮ್ಮ ಪ್ರಯೋಗಶಾಲೆಯ ಎನ್.ಎಂ.ಆರ್. ಯಂತ್ರ ಎಂ.ಆರ್.ಐ.ಯ ಅಣ್ಣನೇ. ರಾತ್ರಿಯಿಡೀ ಓಡುತ್ತಿದ್ದ ಪ್ರಯೋಗ ಈ ಉಪಾಯದಿಂದ ಊಟದ ಬಿಡುವಿನಲ್ಲಿ ಮುಗಿಯುತ್ತದೆ. ಆದರೆ ಒಂದು ಎಚ್ಚರಿಕೆಯನ್ನು ಹೊಸ ವಿದ್ಯಾರ್ಥಿಗಳಿಗೆ ನಾವು ಮೊದಲ ದಿನವೇ ಹೇಳುತ್ತೇವೆ. ದೊಡ್ಡ ಶಿಖರಗಳು ಸರಿಯಾಗಿ ಬರುತ್ತವೆ. ಗದ್ದಲದ ಮಟ್ಟದ ಹತ್ತಿರವಿರುವ ಚಿಕ್ಕ ಶಿಖರ ಕಾಣೆಯಾಗಬಹುದು. ಔಷಧದಲ್ಲಿ ಸೇರಿದ ಕಲಬೆರಕೆ ಆ ಚಿಕ್ಕ ಶಿಖರವೇ ಆಗಿದ್ದರೆ? ಸಂದೇಹ ಬಂದರೆ ಪೂರ್ತಿ ಅಳೆಯಿರಿ, ಆಲಸ್ಯ ಬೇಡ.

ಈಗೀಗ ಇನ್ನೊಂದು ಮಾರ್ಗ ಬಂದಿದೆ. ಸರಳತೆಯ ನಿಯಮದ ಬದಲು ಲಕ್ಷಾಂತರ ಚಿತ್ರಗಳನ್ನೇ ತೋರಿಸಿ ಕಂಪ್ಯೂಟರಿಗೆ ಕಲಿಸುವುದು. ಅದು ಬಹಳ ಚೆನ್ನಾಗಿ ತುಂಬುತ್ತದೆ. ಚೆನ್ನಾಗಿ ತುಂಬುವುದೇ ಅಪಾಯ. 2020ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದವರೂ ಫೇಸ್‌ಬುಕ್ಕಿನ ಸಂಶೋಧಕರೂ ಸೇರಿ ಒಂದು ಸ್ಪರ್ಧೆ ನಡೆಸಿದರು. ನಾಲ್ಕರಲ್ಲೊಂದು, ಎಂಟರಲ್ಲೊಂದು ಪಾಲು ಅಳತೆಯಿಂದ ಮೆದುಳಿನ ಚಿತ್ರ ಕಟ್ಟಬೇಕು. ಬಂದ ಚಿತ್ರಗಳು ಅಂದವಾಗಿದ್ದವು. ಆದರೆ ಕೆಲವದರಲ್ಲಿ ಮೂಲದಲ್ಲಿ ಇಲ್ಲದ ಅಂಶಗಳು ಸೇರಿಕೊಂಡಿದ್ದನ್ನು ತಜ್ಞರು ಗುರುತಿಸಿದರು. ಅದೇ ವರ್ಷ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ತಯಾರಾದ ಒಂದು ತಂತ್ರಾಂಶಕ್ಕೆ ಯಾರೋ ಒಬಾಮಾ ಅವರ ಮಸುಕು ಚಿತ್ರ ಕೊಟ್ಟರು. ಹೊರಬಂದದ್ದು ಸ್ಪಷ್ಟವಾದ ಒಬ್ಬ ಬಿಳಿಯನ ಮುಖ! ಕಂಪ್ಯೂಟರು ಅಳತೆಗೆ ಮೋಸ ಮಾಡಿರಲಿಲ್ಲ. ಮಸುಕು ಮಾಡಿದರೆ ಕೊಟ್ಟ ಚಿತ್ರಕ್ಕೆ ಹೊಂದುವಂಥ ಮುಖವನ್ನು ಹುಡುಕುವುದೇ ಅದರ ಕೆಲಸವಾಗಿತ್ತು. ಅಳತೆ ತೀರ ಕಡಮೆಯಾದಾಗ ಹೊಂದುವ ಮುಖಗಳು ಸಾವಿರಾರು. ಅವುಗಳಲ್ಲಿ ಅದು ತಾನು ಹೆಚ್ಚಾಗಿ ಕಂಡಿದ್ದ ಬಗೆಯನ್ನು ಆರಿಸಿತು. ಬೇರೆ ದೇಶದಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಾವು ಇದನ್ನು ಬರೀ ತಮಾಷೆಯೆಂದು ನಗಲಾರೆವು.

ಹಾಗಾದರೆ ತುಂಬುವುದೇ ತಪ್ಪೆ? ಅಲ್ಲ. ಹೇಗೆ ತುಂಬಬೇಕು ಎಂಬುದಕ್ಕೂ ಒಂದು ನಿದರ್ಶನವಿದೆ. 2019ರ ಏಪ್ರಿಲ್ 10ರಂದು ಎಂ87 ಗ್ಯಾಲಕ್ಸಿಯ ಕಪ್ಪುಕುಳಿಯ ಚಿತ್ರ ಹೊರಬಂತಲ್ಲ, ಅದು ಐದೂವರೆ ಕೋಟಿ ಜ್ಯೋತಿರ್ವರ್ಷ ದೂರದ್ದು. 2017ರಲ್ಲಿ ಹವಾಯಿ, ಅರಿಜೋನ, ಮೆಕ್ಸಿಕೊ, ಚಿಲಿ, ಸ್ಪೇನ್‌ಗಳ ರೇಡಿಯೋ ದೂರದರ್ಶಕಗಳು ಅದರ ಅಲೆಗಳನ್ನು ಅಲ್ಲಲ್ಲಿ ಮಾತ್ರ ಅಳೆದಿದ್ದವು. ಉಳಿದದ್ದನ್ನು ತುಂಬಲೇಬೇಕಿತ್ತು. ವಿಜ್ಞಾನಿಗಳು ನಾಲ್ಕು ತಂಡಗಳಾಗಿ, ಒಂದರ ಚಿತ್ರ ಇನ್ನೊಂದಕ್ಕೆ ತಿಳಿಯದಂತೆ ಕೆಲಸ ಮಾಡಿದರು. ನಾಲ್ವರಿಗೂ ಉಂಗುರವೇ ಬಂತು. ಅಷ್ಟಕ್ಕೇ ನಿಲ್ಲಲಿಲ್ಲ. ನಡುವೆ ತೂತಿಲ್ಲದ ತಟ್ಟೆಯಂಥ ಆಕೃತಿಗಳಿಂದ ಕೃತಕ ಅಳತೆಗಳನ್ನು ತಯಾರಿಸಿ, ತಮ್ಮ ಲೆಕ್ಕ ಅಲ್ಲಿಯೂ ಉಂಗುರ ಬರೆದುಬಿಡುತ್ತದೆಯೇ ಎಂದು ಪರೀಕ್ಷಿಸಿದರು. ತಟ್ಟೆ ತಟ್ಟೆಯಾಗಿಯೇ ಬಂತು. ಆಮೇಲೆ ಲೋಕಕ್ಕೆ ತೋರಿಸಿದರು.

ನಮ್ಮ ಮಗನ ವಿಷಯದಲ್ಲೂ ಡಾಕ್ಟರನ್ನು ಕೇಳಿಯೇಬಿಟ್ಟೆವು. ಅವರು ಬೇಸರಿಸದೆ ಹೇಳಿದರು: "ಸಂದೇಹ ಕಂಡ ಜಾಗವಿದ್ದರೆ ಅಷ್ಟನ್ನು ಹಳೆಯ ಕ್ರಮದಲ್ಲಿ ಪೂರ್ತಿ ತೆಗೆಯುತ್ತೇವೆ. ಇಲ್ಲಿ ಹಾಗೇನೂ ಇಲ್ಲ." ದೇವರ ದಯೆ, ಹೆದರುವಂಥದ್ದು ಇರಲಿಲ್ಲ. ಕನ್ನಡಕ ಬಂತು, ತಲೆನೋವು ಹೋಯಿತು.

ಈಗ ಅಜ್ಜನ ಹುಬ್ಬಿಗೆ ಮರಳೋಣ. ಮಗನ ತಲೆಯ ಪ್ರತಿ ಭಾಗದ ಸುದ್ದಿಯೂ ಅಳೆದ ಅಲೆಗಳಲ್ಲಿತ್ತು. ಲೆಕ್ಕ ಅದನ್ನು ಬಿಡಿಸಿಕೊಟ್ಟಿತು. ಬೂಷ್ಟು ತಿಂದ ಜಾಗದ ಸುದ್ದಿ ಆ ಫೋಟೋದಲ್ಲಿ ಎಲ್ಲೂ ಉಳಿದಿಲ್ಲ. ಅಲ್ಲಿ ಕಂಪ್ಯೂಟರು ಹೇಳಬಲ್ಲದ್ದು ಸಾಮಾನ್ಯವಾಗಿ ಗಂಡಸರ ಹುಬ್ಬು ಹೇಗಿರುತ್ತದೆ ಎಂಬುದನ್ನು ಮಾತ್ರ. ಗಾಯದ ಕಲೆ ಸಾಮಾನ್ಯವಲ್ಲ. ರೋಗವೂ ಸಾಮಾನ್ಯವಲ್ಲ. ನಾವು ಹುಡುಕುವುದು ಹೆಚ್ಚಾಗಿ ಇಂಥವನ್ನೇ, ಸರಾಸರಿ ಮೊದಲು ಅಳಿಸುವುದೂ ಇಂಥವನ್ನೇ. ಅಜ್ಜಿ ಇಲ್ಲದಿದ್ದರೆ ಆ ಅಂದವಾದ ಹುಬ್ಬೇ ನಮ್ಮ ಮನೆಯ ನಿಜವಾಗಿಬಿಡುತ್ತಿತ್ತು.

ಆದ್ದರಿಂದ ಸಮಿತಿಗೆ ನಮ್ಮ ಸೂಚನೆ ಇಷ್ಟು. ಮೂಲ ಫೋಟೋವನ್ನು ಹೇಗಿದೆಯೋ ಹಾಗೆ ಪ್ರತಿ ತೆಗೆದು ಗೋಡೆಗೆ ಹಾಕೋಣ. ಸರಿಮಾಡಿದ್ದು ಬೇಕೆನ್ನುವವರು ಪಕ್ಕದಲ್ಲಿ ಹಾಕಲಿ, ಕೆಳಗೆ "ಈ ಭಾಗ ಕಂಪ್ಯೂಟರು ತುಂಬಿದ್ದು" ಎಂದು ಬರೆಯಲಿ. ಫೋಟೋ ಕಳಿಸುವ ಮೊದಲು ಊರಿನಲ್ಲಿರುವ ಹಿರಿಯರಿಗೆ ಒಂದು ಫೋನು ಮಾಡಿ, ಯಾರು, ಎಲ್ಲಿ, ಯಾವಾಗ ಎಂದು ಕೇಳಿ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದಿಡಿ. ಈ ಕೆಲಸಕ್ಕೆ ಇನ್ನು ಬಹಳ ವರ್ಷ ಉಳಿದಿಲ್ಲ.

ಅಣ್ಣನ ಮಗ ಬೇಸರಪಟ್ಟುಕೊಳ್ಳಲಿಲ್ಲ. ಊರ ಸೊಸೈಟಿಯ ಹಳೆಯ ಗುಂಪು ಫೋಟೋ ಒಂದನ್ನು ಹುಡುಕಿ ತಂದಿದ್ದಾನೆ. ಹಿಂದಿನ ಸಾಲಿನಲ್ಲಿ ಅಜ್ಜ ನಿಂತಿದ್ದಾರೆ. ಮುಖ ಹೆಸರುಕಾಳಿನಷ್ಟು. ಭೂತಗನ್ನಡಿ ಹಿಡಿದರೆ ಎಡಹುಬ್ಬಿನಲ್ಲಿ ಒಂದು ಬಿಳಿ ಚುಕ್ಕೆ ಕಾಣುತ್ತದಂತೆ. ಅಜ್ಜಿ ಹೊಸ ಕಟ್ಟನ್ನು ಒಳಗಿನ ಕೋಣೆಗೆ ಕಳಿಸಿ, ಬೂಷ್ಟು ಹಿಡಿದದ್ದನ್ನೇ ಮತ್ತೆ ನಡುಮನೆಯ ಗೋಡೆಗೆ ಹಾಕಿಸಿದ್ದಾರೆ. ಅದರ ಒಂದು ಪ್ರತಿ ರಾಜ್ಯೋತ್ಸವದ ದಿನ ನಮ್ಮ ಪಾಲಿನಿಂದ ಗೋಡೆಯ ಮೇಲಿರುತ್ತದೆ. ಬಂದು ನೋಡಿ.